ಮೆಯಿಸ್: ಒಂದು ಪುಟ್ಟ ಬಂದರು, ಎರಡು ದಿಕ್ಕಿನ ದೋಣಿಗಳು

ತುರ್ಕಿಯ ದಕ್ಷಿಣ ಕರಾವಳಿಯಲ್ಲಿ ಕಾಶ್ ಎಂಬ ಸಣ್ಣ ಊರಿದೆ. ಅದರ ದಂಡೆಯಲ್ಲಿ ನಿಂತರೆ ಎದುರಿಗೆ ನೀರಿನಿಂದ ಎದ್ದು ನಿಂತ ಒಂದು ಬೋಳು ಗುಡ್ಡ ಕಾಣುತ್ತದೆ. ರಾತ್ರಿಯಾದರೆ ಅಲ್ಲಿನ ದೀಪಗಳೂ ಕಾಣುತ್ತವೆ. ಆ ಗುಡ್ಡ ತುರ್ಕಿಯದಲ್ಲ, ಗ್ರೀಸಿನದು. ತುರ್ಕಿಯ ನೆಲಕ್ಕೂ ಅದಕ್ಕೂ ನಡುವೆ ಅತಿ ಹತ್ತಿರದ ಜಾಗದಲ್ಲಿ ಇರುವುದು ಎರಡು ಕಿಲೋಮೀಟರಿನಷ್ಟು ನೀರು ಮಾತ್ರ. ಆದರೆ ಅದರ ಜಿಲ್ಲಾ ಕೇಂದ್ರದಂತಿರುವ ರೋಡ್ಸ್ ದ್ವೀಪ ನೂರಿಪ್ಪತ್ತು ಕಿಲೋಮೀಟರಿಗಿಂತ ದೂರ, ರಾಜಧಾನಿ ಅಥೆನ್ಸ್ ಐನೂರು ಕಿಲೋಮೀಟರಿಗಿಂತ ದೂರ. ದ್ವೀಪದ ವಿಸ್ತೀರ್ಣ ಒಂಬತ್ತು ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಐನೂರಕ್ಕಿಂತ ಕಡಿಮೆ ಜನ.

ಇಷ್ಟು ಸಣ್ಣ ದ್ವೀಪಕ್ಕೆ ಹೆಸರುಗಳಿಗೇನೂ ಬರವಿಲ್ಲ. ಗ್ರೀಕ್ ಸರಕಾರದ ಕಡತಗಳಲ್ಲಿ ಅದು ಮೆಗಿಸ್ತಿ, ಅಂದರೆ ಎಲ್ಲಕ್ಕಿಂತ ದೊಡ್ಡದು. ಸುತ್ತಲಿನ ಪುಟಾಣಿ ನಡುಗಡ್ಡೆಗಳ ನಡುವೆ ಇದೇ ದೊಡ್ಡದು ಎಂಬ ಅರ್ಥದಲ್ಲಿ. ತುರ್ಕರಿಗೆ ಅದು ಮೆಯಿಸ್. ಜಗತ್ತಿನ ಉಳಿದವರು ಕಾಸ್ಟೆಲ್ಲೊರಿಝೊ ಎನ್ನುತ್ತಾರೆ. ಕೆಂಬಂಡೆಯ ಮೇಲೆ ಕೋಟೆ ಕಟ್ಟಿದ್ದ ಕ್ರೈಸ್ತ ಸೇನಾನಿಗಳ ಕಾಲದ ‘ಕೆಂಪು ಕೋಟೆ’ ಎಂಬ ಇಟಾಲಿಯನ್ ಮಾತಿನಿಂದ ಬಂದ ಹೆಸರದು.

ಬೇಸಿಗೆಯಲ್ಲಿ ಯೂರೋಪಿನ ಯಾಟುಗಳು ಈ ಬಂದರಿಗೆ ಬರುತ್ತವೆ. ಯಾಟ್ ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಸಿರಿವಂತರ ಶೋಕಿ. ಆದರೆ ಆ ಪದದ ಮೂಲ ಬೇರೆ. ಡಚ್ ಭಾಷೆಯಲ್ಲಿ ಅದರ ಅರ್ಥ ಬೇಟೆ. ಕಡಲ್ಗಳ್ಳರ ಬೆನ್ನಟ್ಟಲು ಕಟ್ಟಿದ ವೇಗದ ಹಾಯಿದೋಣಿಗೆ ಆ ಹೆಸರಿತ್ತು. ಬೇಟೆಯ ದೋಣಿ ಕಾಲ ಕಳೆದಂತೆ ವಿಹಾರದ ದೋಣಿಯಾಯಿತು. ಒಂದೇ ದೋಣಿ ಯಾರ ಕೈಯಲ್ಲಿದೆ, ಯಾರನ್ನು ಹೊತ್ತಿದೆ ಎಂಬುದರ ಮೇಲೆ ಅದರ ಹೆಸರು ಬದಲಾಗುತ್ತದೆ. ಮೆಯಿಸ್‌ನ ಚರಿತ್ರೆ ಓದುವಾಗ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಗಿದೆ.

ಬಂದರಿನ ಬಾಗಿಲಲ್ಲಿ

ಕಾಶ್‌ನಿಂದ ಹೊರಟ ಹಾಯಿದೋಣಿ ಮೆಯಿಸ್ ಬಂದರು ಮುಟ್ಟಲು ಏಳು ಕಿಲೋಮೀಟರಿನಷ್ಟು ದಾರಿ ಸಾಗಬೇಕು. ಗಾಳಿ ಚೆನ್ನಾಗಿದ್ದರೆ ಒಂದೂವರೆ ಗಂಟೆಯೂ ಬೇಡ. ದಾರಿ ಸಣ್ಣದು, ಕಾಗದಪತ್ರಗಳ ಕೆಲಸ ದೊಡ್ಡದು. ಕಾಶ್‌ನಲ್ಲಿ ಬಂದರು ಅಧಿಕಾರಿ, ಸುಂಕದವರು, ಪಾಸ್‌ಪೋರ್ಟ್ ಪೊಲೀಸರು ಒಬ್ಬರಾದ ಮೇಲೆ ಒಬ್ಬರು ಮೊಹರು ಒತ್ತಬೇಕು. ಗ್ರೀಸಿನ ನೀರಿಗೆ ಬಂದ ಮೇಲೆ ತುರ್ಕಿಯ ಬಾವುಟ ಇಳಿಸಿ, ಗ್ರೀಸಿನ ಬಾವುಟವನ್ನೂ ಜೊತೆಗೊಂದು ಹಳದಿ ಬಾವುಟವನ್ನೂ ಏರಿಸಬೇಕು. ‘ನಾನು ಹೊರಗಿನಿಂದ ಬಂದಿದ್ದೇನೆ, ತಪಾಸಣೆಗೆ ಕಾಯುತ್ತಿದ್ದೇನೆ’ ಎಂದು ಆ ಹಳದಿ ಬಾವುಟ ಹೇಳುತ್ತದೆ.

ಬಂದರು ದ್ವೀಪದ ಈಶಾನ್ಯ ಮಗ್ಗುಲಲ್ಲಿದೆ, ಕುದುರೆ ಲಾಳದ ಆಕಾರ. ಒಳಗೆ ಬರುವವರ ಎಡಗಡೆಯ ಮೂಲೆಯಲ್ಲಿ ಒಂದು ಮಸೀದಿ, ಒಂದೇ ಮಿನಾರು. ಹದಿನೆಂಟನೇ ಶತಮಾನದಲ್ಲಿ ಉಸ್ಮಾನಿ ತುರ್ಕರ ಕಾಲದಲ್ಲಿ ಕಟ್ಟಿದ್ದು. ನಮಾಜು ನಿಂತು ಬಹುಕಾಲವಾಯಿತು, ಕಟ್ಟಡವನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ಮೇಲ್ಗಡೆ ಕೋಟೆಯ ಅವಶೇಷ. ಕೋಟೆಯ ಕೆಳಗೆ ಬಂಡೆಯಲ್ಲಿ ಕೊರೆದ ಒಂದು ಗೋರಿ, ಕ್ರಿಸ್ತಪೂರ್ವ ನಾಲ್ಕನೇ ಶತಮಾನದ್ದು. ಎದುರು ದಡದ ಲಿಸಿಯಾ ನಾಡಿನವರು ಅಂಥ ಗೋರಿಗಳನ್ನೇ ಕೊರೆಯುತ್ತಿದ್ದರು. ಸ್ವಲ್ಪ ಆಚೆ ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾರ ಇಗರ್ಜಿ. ಅದರೊಳಗಿನ ಗ್ರಾನೈಟ್ ಕಂಬಗಳನ್ನು ಎದುರು ದಡದ ಪತಾರಾದ ಅಪೊಲೊ ದೇವಾಲಯದಿಂದ ದೋಣಿಯಲ್ಲಿ ತಂದರೆಂದು ದ್ವೀಪದವರು ಹೇಳುತ್ತಾರೆ. ಗೋರಿ, ಮಸೀದಿ, ಇಗರ್ಜಿ ಮೂರೂ ಎದುರು ದಡದ ನಂಟನ್ನೇ ಹೇಳುತ್ತವೆ.

ಯಾಟಿನವರು ಕಟ್ಟೆಯಿಂದ ಒಂದಿಷ್ಟು ದೂರದಲ್ಲೇ ಮೂತಿಯ ಕಡೆಯಿಂದ ಲಂಗರು ಇಳಿಸಿ, ಹಿಮ್ಮುಖವಾಗಿ ಬಂದು, ಹಿಂಬದಿಯ ಎರಡು ಹಗ್ಗಗಳನ್ನು ಕಟ್ಟೆಯ ಗೂಟಗಳಿಗೆ ಬಿಗಿಯುತ್ತಾರೆ. ಮೆಡಿಟರೇನಿಯನ್ ಕಡಲಲ್ಲೆಲ್ಲ ಇದೇ ಪದ್ಧತಿ. ಅಲ್ಲಿ ಉಬ್ಬರವಿಳಿತ ತೀರಾ ಕಡಿಮೆ, ಹಾಗಾಗಿ ದೋಣಿ ಮೇಲೆ ಕೆಳಗೆ ಆಗುವ ಭಯವಿಲ್ಲ. ಜಾಗ ಸಾಲದ ಸಣ್ಣ ಬಂದರುಗಳಲ್ಲಿ ಹೆಚ್ಚು ದೋಣಿಗಳು ನಿಲ್ಲಲು ಇದೇ ಉಪಾಯ.

ನಮ್ಮ ‘ಲಂಗರು’ ಫಾರಸಿಯಿಂದ ಬಂದದ್ದು. ‘ಬಂದರು’ ಕೂಡ ಅಲ್ಲಿಂದಲೇ. ಮಂಗಳೂರಿನಲ್ಲಿ ಒಂದು ಪ್ರದೇಶದ ಹೆಸರೇ ಬಂದರ್. ತುರ್ಕರು ಬಂದರಿಗೆ ‘ಲಿಮಾನ್’ ಎನ್ನುತ್ತಾರೆ, ಅದು ಗ್ರೀಕರಿಂದ ಕಲಿತ ಮಾತು. ಕಡಲ ದಂಡೆಯ ಜನ ಯುದ್ಧ ಮಾಡುತ್ತಲೇ ಒಬ್ಬರ ಪದವನ್ನು ಇನ್ನೊಬ್ಬರು ಇಟ್ಟುಕೊಂಡಿರುತ್ತಾರೆ.

ಗಾಳಿಯ ಲೆಕ್ಕ

ಈ ಕಡಲಲ್ಲಿ ಎಂಜಿನ್ ಬರುವ ಮೊದಲು ಬದುಕು ನಡೆದದ್ದು ಗಾಳಿಯ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಬೀಸುವ ಗಾಳಿಗೆ ‘ಮೆಲ್ಟೆಮಿ’ ಎಂದು ಹೆಸರು, ತುರ್ಕರಿಗೆ ‘ಮೆಲ್ಟೆಮ್’. ಪ್ರಾಚೀನ ಗ್ರೀಕರು ಅದನ್ನು ‘ವಾರ್ಷಿಕ ಗಾಳಿ’ ಎಂಬ ಅರ್ಥದ ಹೆಸರಿನಿಂದ ಕರೆದಿದ್ದರು. ಅರಬರು ನಮ್ಮ ಕಡಲಿನ ಗಾಳಿಗೆ ಋತು ಎಂಬ ಅರ್ಥದ ‘ಮೌಸಿಮ್’ ಎಂದರು. ಅದೇ ಮಾನ್ಸೂನ್ ಆಯಿತು. ಎರಡೂ ಹೆಸರು ಕಾಲಕ್ಕೆ ಸರಿಯಾಗಿ ಬರುವ ಗಾಳಿಯನ್ನೇ ಹೇಳುತ್ತವೆ. ಇದು ಬರೀ ಹೆಸರಿನ ಹೋಲಿಕೆಯಲ್ಲ. ನಮ್ಮಲ್ಲಿ ಮುಂಗಾರು ಜೋರಾಗಿರುವ ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಅಲ್ಲಿ ಮೆಲ್ಟೆಮಿಯೂ ಜೋರು. ಭಾರತ, ಪಾಕಿಸ್ತಾನಗಳ ಕಡೆಯಿಂದ ಅನಾತೋಲಿಯಾದವರೆಗೆ ಚಾಚುವ ಬೇಸಿಗೆಯ ಕಡಿಮೆ ಒತ್ತಡ ಈ ಎರಡೂ ಗಾಳಿಗಳನ್ನು ಬೆಸೆದಿದೆ ಎಂದು ಹವಾಮಾನ ತಜ್ಞರು ತೋರಿಸಿದ್ದಾರೆ. ನಮಗದು ಮಳೆ ತರುತ್ತದೆ, ಅವರಿಗೆ ಮೋಡವಿಲ್ಲದ ನೀಲಿ ಆಕಾಶ ಮತ್ತು ದಿನಗಟ್ಟಲೆ ನಿಲ್ಲದ ಬಿರುಸು ಗಾಳಿ.

ಉಸ್ಮಾನಿಗಳ ಕಾಲದಲ್ಲಿ ಕಡಲ ಋತುವಿಗೆ ಎರಡು ದಿನಗಳು ಗಡಿ. ಮೇ ತಿಂಗಳ ಮೊದಲ ವಾರದ ‘ಖಿಜ್ರ್ ದಿನ’ಕ್ಕೆ ನೌಕಾಪಡೆ ಹೊರಡಬೇಕು, ನವೆಂಬರಿನ ‘ಕಾಸಿಮ್ ದಿನ’ಕ್ಕೆ ಮರಳಬೇಕು. ಖ್ವಾಜಾ ಖಿಜ್ರ್ ನೀರಿನ ಮೇಲೆ ಹೋಗುವವರ ಕಾವಲುಗಾರ ಎಂಬ ನಂಬಿಕೆ ನಮ್ಮ ಜನಪದದಲ್ಲೂ ಉಂಟು. ಹಳೆಯ ಪಂಚಾಂಗದಂತೆ ಕ್ರೈಸ್ತರಿಗೆ ಅದೇ ದಿನ ಸಂತ ಜಾರ್ಜರ ಹಬ್ಬ. ಒಂದೇ ಬಂದರಿನಿಂದ ಹೊರಟ ಮುಸ್ಲಿಮ್ ನಾವಿಕನೂ ಕ್ರೈಸ್ತ ನಾವಿಕನೂ ಒಂದೇ ದಿನ ಬೇರೆ ಬೇರೆ ಹೆಸರು ಹೇಳಿ ಹಗ್ಗ ಬಿಚ್ಚುತ್ತಿದ್ದರು.

ಈ ನಾವಿಕರಿಗೆ ದಾರಿ ತೋರಿಸಲು ಒಂದು ಪುಸ್ತಕವೂ ಇತ್ತು. ಗಾಲಿಪೊಲಿಯ ಪೀರಿ ರಈಸ್ 1521ರಲ್ಲಿ ಬರೆದು, 1526ರಲ್ಲಿ ವಿಸ್ತರಿಸಿ ಸುಲ್ತಾನ್ ಸುಲೈಮಾನನಿಗೆ ಅರ್ಪಿಸಿದ ‘ಕಿತಾಬೆ ಬಹ್ರಿಯೆ’. ಚಿಕ್ಕಪ್ಪ ಕಮಾಲ್ ರಈಸ್ ಜೊತೆ ಬಾಲ್ಯದಿಂದಲೇ ಕಡಲು ಸುತ್ತಿದ್ದ ಮನುಷ್ಯ ಪೀರಿ. ಯಾವ ದ್ವೀಪದ ಯಾವ ಮಗ್ಗುಲಲ್ಲಿ ಲಂಗರು ಹಿಡಿಯುತ್ತದೆ, ಎಲ್ಲಿ ನೀರಿನೊಳಗೆ ಬಂಡೆ ಅಡಗಿದೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂಬ ಬಗೆಯ ಸಂಗತಿಗಳನ್ನು ಆತ ನಕ್ಷೆಗಳ ಸಮೇತ ತುರ್ಕಿ ಭಾಷೆಯಲ್ಲಿ ಬರೆದಿಟ್ಟ. ಇಂದಿನ ಯಾಟಿನವರ ಕೈಪಿಡಿಗಳಲ್ಲಿ ಇರುವುದೂ ಇದೇ ಮಾಹಿತಿ. ಅದೇ ಪೀರಿ ವೃದ್ಧಾಪ್ಯದಲ್ಲಿ ಪೋರ್ಚುಗೀಸರ ವಿರುದ್ಧ ಮಸ್ಕತ್ ಮತ್ತು ಹೊರ್ಮುಜ್‌ಗಳವರೆಗೆ ಹೋಗಿ, ಹೊರ್ಮುಜ್ ಕೋಟೆ ಗೆಲ್ಲದೆ ಮರಳಿದ. 1553ರಲ್ಲಿ ಕೈರೊದಲ್ಲಿ ಅವನ ತಲೆ ಹೋಯಿತು.

ಪೀರಿಗಿಂತ ಇನ್ನೂರು ವರ್ಷ ಮೊದಲು, 1330ರ ದಶಕದ ಆರಂಭದಲ್ಲಿ, ಇದೇ ಕಡಲ ಪೂರ್ವದ ಅಂಚಿನಲ್ಲಿ ಇಬ್ನ್ ಬತೂತ ಪಯಣಿಸಿದ್ದ. ಸಿರಿಯಾದ ಲತಾಕಿಯಾದಿಂದ ಅನಾತೋಲಿಯಾದ ಅಲಾಯಾಕ್ಕೆ ಅವನನ್ನು ಕರೆದೊಯ್ದದ್ದು ಜಿನೋವಾದ ಕ್ರೈಸ್ತರ ಹಡಗು. ಹಡಗಿನ ಯಜಮಾನ ತಮ್ಮನ್ನು ಗೌರವದಿಂದ ಕಂಡ, ದಾರಿಖರ್ಚು ತೆಗೆದುಕೊಳ್ಳಲಿಲ್ಲ ಎಂದು ಬತೂತ ಮರೆಯದೆ ದಾಖಲಿಸಿದ್ದಾನೆ. ಅದು ಧರ್ಮಯುದ್ಧಗಳ ನೆನಪು ಇನ್ನೂ ಹಸಿಯಾಗಿದ್ದ ಕಾಲ. ಮುಂದೆ 1342ರ ಸುಮಾರಿಗೆ ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದ ಮುಸಾಫಿರ ಅವನೇ.

ಹಾಯಿಯ ಸಿರಿ

ಮೆಯಿಸ್‌ನ ಕೋಟೆ ಹಲವು ಕೈ ಬದಲಾಯಿಸಿತು. ರೋಡ್ಸ್‌ನಲ್ಲಿ ನೆಲೆಸಿದ್ದ ಸಂತ ಜಾನ್ ಪಂಥದ ಕ್ರೈಸ್ತ ಸೇನಾನಿಗಳು ಅದನ್ನು ಹಿಡಿದಿದ್ದರು. 1440ರ ದಶಕದಲ್ಲಿ ಈಜಿಪ್ಟಿನ ಮಮ್ಲೂಕರು ಕೆಡವಿದರು. 1450ರಲ್ಲಿ ನೇಪಲ್ಸ್‌ನ ದೊರೆ ಹಿಡಿದು ಮತ್ತೆ ಕಟ್ಟಿಸಿದ. ಹದಿನಾರನೇ ಶತಮಾನದಲ್ಲಿ ಉಸ್ಮಾನಿಗಳ ವಶವಾಯಿತು. ರೋಡ್ಸ್ ಬಿದ್ದದ್ದು 1522ರಲ್ಲಿ.

ಉಸ್ಮಾನಿ ಆಡಳಿತದಲ್ಲಿ ಈ ಸುತ್ತಿನ ಸಣ್ಣ ದ್ವೀಪಗಳಿಗೆ ಒಂದು ರಿಯಾಯಿತಿ ಇತ್ತು. ಪ್ರತಿ ತಲೆಯ ಮೇಲೆ, ಪ್ರತಿ ಬೆಳೆಯ ಮೇಲೆ ತೆರಿಗೆ ಹಾಕುವ ಬದಲು ಇಡೀ ದ್ವೀಪ ವರ್ಷಕ್ಕೊಂದು ಇಡಿಗಂಟು ಕಟ್ಟಿದರೆ ಸಾಕು. ಅದಕ್ಕೆ ‘ಮಕ್ತು’ ಎನ್ನುತ್ತಿದ್ದರು. ನಮ್ಮ ಹಳೆಯ ಕಂದಾಯದ ಭಾಷೆಯ ‘ಮಕ್ತಾ’ ಅದೇ ಪದ. ಬೆಳೆ ಬಾರದ ಬಂಡೆಯ ಮೇಲೆ ಜನ ಬದುಕಬೇಕಾದರೆ ಅವರನ್ನು ವ್ಯಾಪಾರಕ್ಕೆ ಬಿಡಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಮೆಯಿಸ್ ಸಿರಿವಂತ ದ್ವೀಪವಾಯಿತು. ಅನಾತೋಲಿಯಾದ ಕಾಡಿನ ಮರ ಮತ್ತು ಇದ್ದಿಲನ್ನು ಇಲ್ಲಿನ ಹಾಯಿಹಡಗುಗಳು ಈಜಿಪ್ಟಿಗೆ ಸಾಗಿಸಿದವು. ಮುಳುಗುಗಾರರು ಕಡಲ ತಳದಿಂದ ಸ್ಪಂಜು ಕಿತ್ತು ತಂದರು. ಶತಮಾನದ ಕೊನೆಗೆ ಜನಸಂಖ್ಯೆ ಒಂಬತ್ತು ಹತ್ತು ಸಾವಿರ ಮುಟ್ಟಿತ್ತು ಎನ್ನುತ್ತಾರೆ. ಬಂದರಿನ ಸುತ್ತ ಮರದ ಬಾಲ್ಕನಿಗಳ ಎರಡು, ಮೂರು ಅಂತಸ್ತಿನ ಮನೆಗಳು ಎದ್ದವು. ದ್ವೀಪದವರಿಗೆ ಎದುರು ದಡದಲ್ಲಿ ಹೊಲಗಳಿದ್ದವು, ನೆಂಟರಿದ್ದರು. ಇಂದಿನ ಕಾಶ್ ಆಗ ಅಂದಿಫ್ಲಿ, ಅಲ್ಲಿಯೂ ಗ್ರೀಕ್ ಕುಟುಂಬಗಳಿದ್ದವು. ನಡುವಿನ ನೀರು ಗಡಿಯಾಗಿರಲಿಲ್ಲ, ಒಂದೇ ಊರಿನ ನಡುವೆ ಹರಿಯುವ ಹೊಳೆಯ ಹಾಗಿತ್ತು.

ಹೊಳೆ ಗಡಿಯಾದದ್ದು

ಮೊದಲ ಪೆಟ್ಟು ಕೊಟ್ಟದ್ದು ಉಗಿಹಡಗು. ಗಾಳಿಗೆ ಕಾಯದ ಹಡಗಿನ ಎದುರು ಹಾಯಿಹಡಗಿನ ಬಾಡಿಗೆ ಇಳಿಯಿತು. ಎರಡನೆಯದು ರಾಜಕೀಯ. 1908ರ ಯುವ ತುರ್ಕರ ಕ್ರಾಂತಿಯ ನಂತರ ಹಳೆಯ ರಿಯಾಯಿತಿಗಳು ಕರಗಿದವು, 1909ರಲ್ಲಿ ಮುಸ್ಲಿಮೇತರರಿಗೂ ಸೈನಿಕ ಸೇವೆ ಕಡ್ಡಾಯವಾಯಿತು. ಯುವಕರು ಹಡಗು ಹತ್ತಿ ದೂರದ ಆಸ್ಟ್ರೇಲಿಯಾಕ್ಕೆ ಹೋಗುವುದು ಹೆಚ್ಚಿತು. 1912ರಲ್ಲಿ ಇಟಲಿ ನೆರೆಯ ದ್ವೀಪಗಳನ್ನು ಹಿಡಿಯಿತು, ಮೆಯಿಸ್ ಮಾತ್ರ ಹೊರಗುಳಿಯಿತು. 1913ರ ಮಾರ್ಚಿನಲ್ಲಿ ದ್ವೀಪದವರು ದಂಗೆ ಎದ್ದು ತುರ್ಕಿ ಅಧಿಕಾರಿಯನ್ನೂ ಅವನ ಸಣ್ಣ ಪಹರೆಯನ್ನೂ ಹೊರಹಾಕಿದರು.

ಮಹಾಯುದ್ಧದಲ್ಲಿ, 1915ರ ಡಿಸೆಂಬರಿನಲ್ಲಿ, ಫ್ರೆಂಚರು ಬಂದು ಕೂತರು. ಎದುರು ದಡದಲ್ಲಿ ತುರ್ಕಿಯ ಫಿರಂಗಿಗಳು. 1917ರ ಜನವರಿ 11ರಂದು ಬಂದರಿನಲ್ಲಿ ನಿಂತಿದ್ದ ಬ್ರಿಟಿಷರ ‘ಬೆನ್ ಮೈ ಕ್ರೀ’ ಎಂಬ ಹಡಗನ್ನು ಆ ಫಿರಂಗಿಗಳು ಹೊಡೆದು ಮುಳುಗಿಸಿದವು. ಕಡಲ ಮೇಲೆ ಇಳಿಯುವ ವಿಮಾನಗಳನ್ನು ಹೊತ್ತ ಹಡಗದು, ಯುದ್ಧಕ್ಕೆ ಮೊದಲು ಬ್ರಿಟನ್ನಿನ ಒಂದು ದ್ವೀಪಕ್ಕೆ ಪ್ರಯಾಣಿಕರನ್ನು ಸಾಗಿಸುತ್ತಿತ್ತು. ‘ನನ್ನ ಹೃದಯದ ಹುಡುಗಿ’ ಎಂಬುದು ಆ ಹೆಸರಿನ ಅರ್ಥ. ಬಂದರು ಎಷ್ಟು ಇಕ್ಕಟ್ಟೆಂದರೆ ಓಡಲು ಅದಕ್ಕೆ ದಾರಿಯೇ ಇರಲಿಲ್ಲ.

1921ರಲ್ಲಿ ಫ್ರೆಂಚರು ದ್ವೀಪವನ್ನು ಇಟಲಿಗೆ ಒಪ್ಪಿಸಿದರು. 1923ರ ಲೌಸಾನ್ ಒಪ್ಪಂದ ಅದನ್ನು ಖಾಯಂ ಮಾಡಿತು. ಅದೇ ಲೌಸಾನಿನಲ್ಲಿ, ಅದೇ ವರ್ಷದ ಜನವರಿ 30ರಂದು, ಗ್ರೀಸ್ ಮತ್ತು ತುರ್ಕಿ ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದವು. ಅದರ ಪ್ರಕಾರ ತುರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸ್ಲಿಮರು ತುರ್ಕಿಗೆ. ಸುಮಾರು ಹನ್ನೆರಡು ಲಕ್ಷ ಕ್ರೈಸ್ತರು, ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ಇದರ ಲೆಕ್ಕಕ್ಕೆ ಸೇರಿದರು. ಕ್ರೈಸ್ತರಲ್ಲಿ ಬಹುಪಾಲು ಜನ 1922ರ ಯುದ್ಧದ ಬೆಂಕಿಯಲ್ಲಿ ಆಗಲೇ ಓಡಿಹೋಗಿದ್ದರು, ಇನ್ನು ಮರಳುವಂತಿಲ್ಲ ಎಂದು ಕಾಗದ ಹೇಳಿತು. ಇಸ್ತಾಂಬುಲಿನ ಗ್ರೀಕರಿಗೂ ಪಶ್ಚಿಮ ಥ್ರೇಸಿನ ಮುಸ್ಲಿಮರಿಗೂ ಮಾತ್ರ ವಿನಾಯಿತಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಾರು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸಿದ್ದು ಭಾಷೆಯಲ್ಲ, ಧರ್ಮ. ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್. ಅವರಲ್ಲಿ ಅನೇಕರಿಗೆ ತುರ್ಕಿ ಬರುತ್ತಿರಲಿಲ್ಲ, ಅವರನ್ನು ತುರ್ಕಿಯ ಆಯ್ವಲಿಕ್ ಕಡೆಗೆ ಕಳಿಸಿದರು. ಅನಾತೋಲಿಯಾದ ಒಳನಾಡಿನ ಕರಮಾನಿ ಕ್ರೈಸ್ತರ ಮನೆಮಾತು ತುರ್ಕಿ, ಅದನ್ನೇ ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಅವರನ್ನು ಗ್ರೀಸಿಗೆ ಕಳಿಸಿದರು. ಮನೆಯಲ್ಲಿ ಉರ್ದುವೋ ಬ್ಯಾರಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಎರಡನ್ನೂ ತನ್ನದೆನ್ನುವ ನಮ್ಮಂಥವರಿಗೆ ಈ ಕ್ರೌರ್ಯ ಬಿಡಿಸಿ ಹೇಳಬೇಕಾಗಿಲ್ಲ.

ರೋಡ್ಸ್, ಕೋಸ್, ಮೆಯಿಸ್ ಇಟಲಿಯ ಕೈಯಲ್ಲಿದ್ದುದರಿಂದ ಈ ವಿನಿಮಯದಿಂದ ತಪ್ಪಿಸಿಕೊಂಡವು. ರೋಡ್ಸ್, ಕೋಸ್‌ಗಳಲ್ಲಿ ಮುಸ್ಲಿಮ್ ಕುಟುಂಬಗಳು ಉಳಿದದ್ದು ಹೀಗೆ. ಆದರೆ ಮೆಯಿಸ್‌ನ ಎದುರು ದಡ ಖಾಲಿಯಾಯಿತು. ಅಂದಿಫ್ಲಿಯ ಗ್ರೀಕರು ಹೋದರು. ಪಶ್ಚಿಮಕ್ಕೆ ಫೆತಿಯೆ ಸಮೀಪದ ಲೆವಿಸ್ಸಿ ಎಂಬ ದೊಡ್ಡ ಊರು ಪೂರ್ತಿ ತೆರವಾಯಿತು. ಛಾವಣಿಯಿಲ್ಲದ ಅದರ ನೂರಾರು ಕಲ್ಲಿನ ಮನೆಗಳು ಇಂದಿಗೂ ಗುಡ್ಡದ ಮೇಲೆ ಹಾಗೇ ನಿಂತಿವೆ, ಕಾಯಾಕೊಯ್ ಎಂಬ ಹೆಸರಿನಲ್ಲಿ. ಹೊಲ ಹೋಯಿತು, ಮರದ ವ್ಯಾಪಾರ ಹೋಯಿತು, ನೆಂಟರು ಹೋದರು. ಸೇನೆ ಮುತ್ತಿಗೆ ಹಾಕಲಿಲ್ಲ, ಮೆಯಿಸ್ ಸೊರಗಿದ್ದು ಎದುರಿಗಿದ್ದ ನೆಲ ಪರದೇಶವಾದದ್ದರಿಂದ.

ಗಾಜಾದಲ್ಲಿ ಗ್ರೀಕರು

ಎರಡನೇ ಮಹಾಯುದ್ಧದ ಕಥೆಯನ್ನು ನಾವು ಹೆಚ್ಚು ಓದಿಲ್ಲ, ಓದಬೇಕು.

1941ರಲ್ಲಿ ಜರ್ಮನರು ಗ್ರೀಸನ್ನು ಹಿಡಿದರು. ಆ ಚಳಿಗಾಲದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಜನ ಹಸಿವಿನಿಂದ ಸತ್ತರು. ಇಪ್ಪತ್ತು ವರ್ಷ ಹಿಂದೆ ಗ್ರೀಕರ ಜೊತೆ ಯುದ್ಧ ಮಾಡಿದ್ದ ತುರ್ಕಿ ‘ಕುರ್ತುಲುಶ್’ ಎಂಬ ಹಡಗಿನಲ್ಲಿ ಆಹಾರ ಕಳಿಸಿತು. ನಾಲ್ಕು ಸಲ ಹೋಗಿ ಬಂದ ಆ ಹಳೆಯ ಹಡಗು 1942ರ ಜನವರಿಯಲ್ಲಿ ಐದನೇ ಪಯಣದಲ್ಲಿ ಮರ್ಮರ ಕಡಲಲ್ಲಿ ಮುಳುಗಿತು. ಆಹಾರ ಕಳಿಸುವ ಕೆಲಸ ಬೇರೆ ಹಡಗಿನಲ್ಲಿ ಮುಂದುವರಿಯಿತು.

ಹಸಿವು ತಾಳದ ದ್ವೀಪದ ಜನ ರಾತ್ರಿ ಹೊತ್ತು ಸಣ್ಣ ದೋಣಿಗಳಲ್ಲಿ ತುರ್ಕಿಯ ದಡಕ್ಕೆ ದಾಟತೊಡಗಿದರು. ಖಿಯೋಸ್, ಸಾಮೋಸ್ ದ್ವೀಪಗಳಿಂದ ಸಾವಿರಾರು ಜನ ಹೀಗೆ ಬಂದರು. ಅವರನ್ನು ಸಂಭಾಳಿಸಲು ಬ್ರಿಟಿಷರು 1942ರಲ್ಲಿ ಕೈರೊದಲ್ಲಿ ಮಧ್ಯಪ್ರಾಚ್ಯ ನಿರಾಶ್ರಿತರ ಪರಿಹಾರ ಆಡಳಿತವೊಂದನ್ನು ತೆರೆದರು. ಅದರ ಶಿಬಿರಗಳು ಎಲ್ಲಿದ್ದವು ನೋಡಿ: ಸಿರಿಯಾದ ಹಲಬ್, ಅಂದರೆ ಅಲೆಪ್ಪೊ, ಈಜಿಪ್ಟಿನ ಸಿನಾಯ್ ಮರುಭೂಮಿ, ಫೆಲೆಸ್ತೀನಿನ ಗಾಜಾ ಪಕ್ಕದ ನುಸೈರಾತ್. ಸುಮಾರು ನಲವತ್ತು ಸಾವಿರ ಯೂರೋಪಿಯನ್ನರು ಈ ಶಿಬಿರಗಳಲ್ಲಿ ದಿನ ಕಳೆದರು. ಬಂದವರ ಹೆಸರು ಬರೆದುಕೊಂಡು, ವೈದ್ಯರ ತಪಾಸಣೆ ಮಾಡಿಸಿ, ಗುಡಾರ ಮತ್ತು ಪಡಿತರ ಕೊಡುತ್ತಿದ್ದರು.

ಮೆಯಿಸ್‌ನ ಸರದಿ ಬಂದದ್ದು 1943ರಲ್ಲಿ. ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಕೂಡಲೇ ಬ್ರಿಟಿಷರು ದ್ವೀಪಕ್ಕೆ ಬಂದರು, ಅವರ ಹಿಂದೆಯೇ ಜರ್ಮನ್ ಬಾಂಬರುಗಳು ಬಂದವು. ದ್ವೀಪದ ಜನರನ್ನು ಮೊದಲು ಸೈಪ್ರಸ್ಸಿಗೆ, ಅಲ್ಲಿಂದ ಗಾಜಾಕ್ಕೆ ಸಾಗಿಸಿದರು. ಎರಡು ವರ್ಷ ಅವರು ನುಸೈರಾತ್‌ನ ಮರಳಿನ ಮೇಲೆ ಬದುಕಿದರು. ಅತ್ತ 1944ರ ಜುಲೈಯಲ್ಲಿ ಬಂದರಿನ ಇಂಧನ ದಾಸ್ತಾನಿಗೆ ಬೆಂಕಿ ಬಿದ್ದು ಊರಿನ ದೊಡ್ಡ ಭಾಗ ಸುಟ್ಟುಹೋಯಿತು.

1945ರ ಸೆಪ್ಟೆಂಬರ್ 29ರಂದು ಸುಮಾರು ಐನೂರು ಮಂದಿ ‘ಎಂಪೈರ್ ಪ್ಯಾಟ್ರೋಲ್’ ಎಂಬ ಹಡಗಿನಲ್ಲಿ ಪೋರ್ಟ್ ಸೈದ್‌ನಿಂದ ಊರಿಗೆ ಹೊರಟರು. ಕೆಲವೇ ಗಂಟೆಗಳಲ್ಲಿ ಹಡಗಿಗೆ ಬೆಂಕಿ ಹತ್ತಿತು. ಬ್ರಿಟಿಷ್ ನೌಕಾಪಡೆ ಬಹುಪಾಲು ಜನರನ್ನು ನೀರಿನಿಂದ ಎತ್ತಿತು, ಆದರೂ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಬದುಕಿ ಊರು ಮುಟ್ಟಿದವರಿಗೆ ಕಂಡದ್ದು ಸುಟ್ಟ ಗೋಡೆಗಳು. 1947ರ ಪ್ಯಾರಿಸ್ ಶಾಂತಿ ಒಪ್ಪಂದದಂತೆ ದ್ವೀಪ ಗ್ರೀಸಿಗೆ ಸೇರಿತು, 1948ರ ಮಾರ್ಚಿನಲ್ಲಿ ಅದರ ವಿಧಿಗಳು ಮುಗಿದವು. ಆ ಹೊತ್ತಿಗೆ ಅನೇಕರು ಪರ್ತ್, ಸಿಡ್ನಿ, ಮೆಲ್ಬರ್ನ್‌ಗಳಲ್ಲಿದ್ದ ನೆಂಟರ ಕಡೆ ಹೊರಟಿದ್ದರು.

ಅದೇ 1948ರಲ್ಲಿ ನುಸೈರಾತ್ ಮತ್ತೆ ನಿರಾಶ್ರಿತರ ಶಿಬಿರವಾಯಿತು. ಈ ಸಲ ಬಂದವರು ತಮ್ಮ ಊರುಗಳಿಂದ ಹೊರದಬ್ಬಲ್ಪಟ್ಟ ಫೆಲೆಸ್ತೀನಿಯರು. ಗ್ರೀಕರಿಗೆ ಎರಡು ವರ್ಷಕ್ಕೆ ಮರಳುವ ಹಡಗು ಬಂತು. ಇವರಿಗೆ ಬರಲಿಲ್ಲ. 2023ರ ಅಕ್ಟೋಬರಿನಿಂದ ನಡೆದ ಯುದ್ಧದಲ್ಲಿ ಸುದ್ದಿಗಳಲ್ಲಿ ಪದೇ ಪದೇ ಕೇಳಿಬಂದ ನುಸೈರಾತ್ ಇದೇ ಶಿಬಿರ. 2024ರ ಜೂನ್ 8ರ ಒಂದೇ ದಿನ ಅಲ್ಲಿ ನೂರಾರು ಜನ ಸತ್ತರು.

ದಿಕ್ಕು ತಿರುಗಿದ ದೋಣಿಗಳು

ಮೆಯಿಸ್ ನಿಧಾನವಾಗಿ ಚೇತರಿಸಿಕೊಂಡಿತು. ಯುದ್ಧಕಾಲದ ಕೆಲವು ಇಟಾಲಿಯನ್ ಸೈನಿಕರನ್ನು ಕುರಿತು ಅಲ್ಲೇ ಚಿತ್ರೀಕರಿಸಿದ ‘ಮೆಡಿಟರೇನಿಯೊ’ ಎಂಬ 1991ರ ಚಿತ್ರಕ್ಕೆ ಮರುವರ್ಷ ಆಸ್ಕರ್ ಬಂತು, ಅದರ ಬೆನ್ನಿಗೆ ಪ್ರವಾಸಿಗರೂ ಯಾಟುಗಳೂ ಬಂದವು. ಆಸ್ಟ್ರೇಲಿಯಾದ ಮೊಮ್ಮಕ್ಕಳು ಬಂದು ಅಜ್ಜಂದಿರ ಮನೆಗಳಿಗೆ ಬಣ್ಣ ಬಳಿಸಿದರು. 2010ರ ಏಪ್ರಿಲ್ 23ರಂದು ಪ್ರಧಾನಿ ಜಾರ್ಜ್ ಪಾಪಾಂಡ್ರೂ, ಗ್ರೀಸ್ ಸಾಲದ ಸುಳಿಯಲ್ಲಿ ಸಿಲುಕಿದೆ, ಹೊರಗಿನ ನೆರವು ಬೇಕು ಎಂದು ಪ್ರಕಟಿಸಿದ್ದು ಈ ಬಂದರನ್ನು ಹಿನ್ನೆಲೆಯಾಗಿಟ್ಟುಕೊಂಡೇ.

ಮುಂದೆ ಸಿರಿಯಾ ಹೊತ್ತಿ ಉರಿಯಿತು. 2015ರ ಒಂದೇ ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಲ ದಾರಿಯಲ್ಲಿ ಗ್ರೀಸಿಗೆ ಬಂದರು. ಹೆಚ್ಚಿನವರು ತುರ್ಕಿಯ ದಡದಿಂದ ರಬ್ಬರ್ ದೋಣಿಗಳಲ್ಲಿ. ಹಲಬ್‌ನಲ್ಲಿ ಒಮ್ಮೆ ಗ್ರೀಕರು ಆಶ್ರಯ ಪಡೆದಿದ್ದರು, ಈಗ ಹಲಬ್‌ನವರು ಗ್ರೀಕರ ದ್ವೀಪಗಳಿಗೆ ಬಂದರು. ನಡುವೆ ಇದ್ದದ್ದು ಎಪ್ಪತ್ತು ವರ್ಷವಷ್ಟೆ. ಸೆಪ್ಟೆಂಬರ್ 2ರಂದು ಬೋದ್ರುಮ್‌ನಿಂದ ಕೋಸ್‌ಗೆ ಹೊರಟ ದೋಣಿ ಮಗುಚಿ ಅಲನ್ ಕುರ್ದಿ ಎಂಬ ಹಸುಳೆ, ಅವನ ಅಣ್ಣ, ತಾಯಿ ಮೂವರೂ ಸತ್ತರು. ಬೋದ್ರುಮ್‌ನಿಂದ ಕೋಸ್‌ಗೆ ಪಾಸ್‌ಪೋರ್ಟ್ ಇದ್ದವರನ್ನು ಪ್ರವಾಸಿ ದೋಣಿಗಳು ಒಂದು ಗಂಟೆಯೊಳಗೆ ಕ್ಷೇಮವಾಗಿ ಮುಟ್ಟಿಸುತ್ತವೆ.

ಬಂದವರನ್ನು ದ್ವೀಪದವರು ಹೇಗೆ ಕಂಡರು? ಲೆಸ್ಬೋಸ್‌ನ ಸ್ಕಾಲಾ ಸಿಕಾಮಿಯಾಸ್ ಒಂದು ಪುಟ್ಟ ಮೀನುಗಾರರ ಬಂದರು. ಅಲ್ಲಿ ಮೂವರು ಅಜ್ಜಿಯರು ಬೆಂಚಿನ ಮೇಲೆ ಕೂತು ಸಿರಿಯಾದ ಕೂಸಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿರುವ ಚಿತ್ರ ಆ ವರ್ಷ ಜಗತ್ತೆಲ್ಲ ಸುತ್ತಿತು. 1922ರಲ್ಲಿ ಅನಾತೋಲಿಯಾದಿಂದ ದೋಣಿಯಲ್ಲಿ ಓಡಿಬಂದವರ ಮನೆಗಳ ಊರದು. ನಿರಾಶ್ರಿತರೆಂದರೆ ಯಾರೆಂದು ಆ ಅಜ್ಜಿಯರಿಗೆ ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ.

ಇನ್ನೊಂದು ಮುಖವೂ ಇದೆ. 2014ರ ಜನವರಿಯಲ್ಲಿ ಫಾರ್ಮಾಕೋನಿಸಿ ದ್ವೀಪದ ಬಳಿ 27 ಜನರಿದ್ದ ದೋಣಿ ಗ್ರೀಕ್ ಕರಾವಳಿ ಪಡೆಯ ಕಣ್ಣೆದುರೇ ಮುಳುಗಿ 11 ಮಂದಿ ಸತ್ತರು. ಎಂಟು ಮಕ್ಕಳು, ಮೂವರು ಹೆಂಗಸರು. 2022ರ ಜುಲೈ 7ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆ ಜೀವಗಳನ್ನು ಕಾಪಾಡುವ ಹೊಣೆಯನ್ನು ಗ್ರೀಸ್ ಸರಕಾರ ನಿರ್ವಹಿಸಲಿಲ್ಲ, ಸರಿಯಾದ ತನಿಖೆಯನ್ನೂ ಮಾಡಲಿಲ್ಲ ಎಂದು ತೀರ್ಪು ಕೊಟ್ಟಿತು. ತುರ್ಕಿಯೂ ಈ ಜನರನ್ನು ಚೌಕಾಶಿಗೆ ಬಳಸಿತು. 2016ರ ಮಾರ್ಚಿನಲ್ಲಿ ಯೂರೋಪಿನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಅವರನ್ನು ತಡೆಯುವುದಕ್ಕೆ ಪ್ರತಿಯಾಗಿ ಹಣದ ಮಾತಿತ್ತು. ತಪ್ಪನ್ನು ಒಂದೇ ದಡದ ಮೇಲೆ ಹೊರಿಸುವುದು ಸುಲಭ, ಆದರೆ ಅದು ಸತ್ಯವಲ್ಲ.

ಕೊನೆಗೆ ನಿಜವಾದ ಒಂದು ಹಾಯಿದೋಣಿಯ ಕಥೆ. 2022ರ ಅಕ್ಟೋಬರ್ 5ರ ರಾತ್ರಿ ಸುಮಾರು 95 ಜನರನ್ನು ತುಂಬಿಕೊಂಡು ತುರ್ಕಿಯಿಂದ ಇಟಲಿಗೆ ಹೊರಟಿದ್ದ ಯಾಟೊಂದು ಬಿರುಗಾಳಿಗೆ ಸಿಕ್ಕಿ ಕಿಥಿರಾ ದ್ವೀಪದ ದಿಯಾಕೋಫ್ತಿ ಬಂದರಿನ ಹತ್ತಿರ ಬಂಡೆಗೆ ಬಡಿಯಿತು. ಅದರಲ್ಲಿದ್ದವರು ಹೆಚ್ಚಾಗಿ ಇರಾಕ್, ಇರಾನ್, ಅಫಘಾನಿಸ್ತಾನದವರು. ಕೆಳಗೆ ಕುದಿಯುವ ಕಡಲು, ಮೇಲೆ ಕಡಿದಾದ ಬಂಡೆ. ಊರಿನವರು ಕತ್ತಲಲ್ಲಿ ಹಗ್ಗ ಇಳಿಬಿಟ್ಟು, ರಕ್ಷಣಾ ಸಿಬ್ಬಂದಿಯ ಜೊತೆ ನಿಂತು, ಒಬ್ಬೊಬ್ಬರನ್ನಾಗಿ ಎಳೆದರು. ಎಂಬತ್ತು ಜನ ಬದುಕಿದರು. ಯಾಟನ್ನು ಕಟ್ಟೆಗೆ ಬಿಗಿಯುವಂಥ ಹಗ್ಗಗಳು ಆ ರಾತ್ರಿ ಮನುಷ್ಯರನ್ನು ಮೇಲಕ್ಕೆತ್ತಿದವು.

ಕಡಲಲ್ಲಿ ಆಪತ್ತಿನಲ್ಲಿರುವವರು ಯಾರೇ ಆಗಲಿ ನೆರವಾಗಬೇಕೆಂಬುದು 1982ರ ಅಂತರರಾಷ್ಟ್ರೀಯ ಸಮುದ್ರ ಕಾನೂನಿನಲ್ಲಿದೆ. ನಾವಿಕರಿಗೆ ಅದು ಕಾನೂನಿಗಿಂತ ಹಳೆಯದು. ಬತೂತನಿಂದ ದಾರಿಖರ್ಚು ತೆಗೆದುಕೊಳ್ಳದ ಜಿನೋವಾದ ಯಜಮಾನ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ.

ಮೆಯಿಸ್ ಮತ್ತು ಕಾಶ್ ನಡುವಿನ ನೀರು ಮತ್ತೆ ಹೊಳೆಯಾಗುವ ಪ್ರಯತ್ನವನ್ನು ಬಿಟ್ಟಿಲ್ಲ. ದ್ವೀಪದವರು ಕಾಶ್‌ನ ಶುಕ್ರವಾರದ ಸಂತೆಗೆ ಬಂದು ತರಕಾರಿ ಕೊಳ್ಳುವ ರೂಢಿ ಬೆಳೆಯಿತು. ಎರಡೂ ಊರುಗಳ ನಡುವೆ ಈಜುವ ಸ್ಪರ್ಧೆ ನಡೆಯಿತು. 2020ರಲ್ಲಿ ಕಡಲ ತಳದ ಅನಿಲದ ಮೇಲಿನ ಜಗಳದಲ್ಲಿ ಎರಡು ದೇಶಗಳ ಯುದ್ಧನೌಕೆಗಳು ಈ ಪುಟ್ಟ ದ್ವೀಪದ ಸುತ್ತಲೇ ಎದುರುಬದುರಾದವು. 2024ರಲ್ಲಿ ಮೆಯಿಸ್ ಸೇರಿ ಹತ್ತು ದ್ವೀಪಗಳಿಗೆ ತುರ್ಕಿಯ ನಾಗರಿಕರು ಬಂದಿಳಿದ ಮೇಲೆಯೇ ಏಳು ದಿನಗಳ ವೀಸಾ ಪಡೆಯುವ ವ್ಯವಸ್ಥೆಯನ್ನು ಗ್ರೀಸ್ ಆರಂಭಿಸಿತು. ಎರಡೂ ಕಡೆಯ ಮೊಮ್ಮಕ್ಕಳು ಅಜ್ಜಂದಿರ ಊರು ನೋಡಲು ಇದರಿಂದ ಒಂದಿಷ್ಟು ದಾರಿಯಾಯಿತು.

ಇಷ್ಟೆಲ್ಲ ಹೇಳಿದ್ದು ಯಾಟಿನಲ್ಲಿ ಬರುವವರ ಮೇಲಿನ ಸಿಟ್ಟಿನಿಂದಲ್ಲ. ಗಾಳಿಯನ್ನು ನಂಬಿ ಕಡಲಿಗಿಳಿಯುವುದು ಸುಂದರವಾದ ಕೆಲಸವೇ. ಅವರಿಗೆ ಬಂದರಿನಲ್ಲಿ ಹಗ್ಗ ಹಿಡಿದುಕೊಳ್ಳಲು ಒಂದು ಕೈ ಮುಂದೆ ಬರುತ್ತದೆ. ಆ ಕೈಯ ಹಿಂದಿನ ತಲೆಮಾರು ನುಸೈರಾತ್‌ನ ಗುಡಾರದಲ್ಲಿ ಪಡಿತರಕ್ಕೆ ಸಾಲು ನಿಂತಿತ್ತು. ಹಳದಿ ಬಾವುಟ ಏರಿಸಲು ಕಾಗದಪತ್ರ ಬೇಕು. ಅದಿಲ್ಲದವನೂ ಹೊರಗಿನಿಂದಲೇ ಬಂದಿದ್ದಾನೆ, ಅವನೂ ಕಾಯುತ್ತಿದ್ದಾನೆ. ಅವನಿಗೂ ಅದೇ ಕೈ ಮುಂದೆ ಬರುವುದೋ ಇಲ್ಲವೋ ಎಂಬುದರ ಮೇಲೆ ಈ ಕಡಲಿನ ಮುಂದಿನ ಚರಿತ್ರೆ ನಿಂತಿದೆ.